ಪಟ್ಟಿ ಬಿಚ್ಚುವ ಹೊತ್ತಿನಿಂದ ಶುರುಮಾಡು

ಪ್ರೀತಿಯ ಸುಹಾಸ,

ನೀನು ಕಳಿಸಿದ ಪಿಎಚ್‌ಡಿ ಪ್ರಸ್ತಾವ ಓದಿದೆ. ಮೂರು ಪದರದ ಗಾಯದ ಪಟ್ಟಿ: ಮೇಲೆ ನೀರು, ಕೊಳೆ ಒಳಗೆ ಬಿಡದ ಪಾಲಿಕ್ಯಾಪ್ರೊಲ್ಯಾಕ್ಟೋನ್ ಎಳೆಗಳ ಹಾಳೆ, ನಡುವೆ ಬೆಳ್ಳಿಯ ನ್ಯಾನೊ ಕಣ ಬೆರೆಸಿದ ಕೈಟೋಸಾನ್ ಸ್ಪಂಜು, ಅಡಿಯಲ್ಲಿ ಗಾಯಕ್ಕೆ ತಾಗುವ ಜೆಲಟಿನ್ ಎಳೆಗಳು. ಚಿತ್ರ ಚೆನ್ನಾಗಿ ಬರೆದಿದ್ದೀಯ. ಬೆಳ್ಳಿ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ, ಬ್ಯಾಕ್ಟೀರಿಯಾ ಹೇಗೆ ಒಡೆಯುತ್ತದೆ ಎಂದು ಬಾಣ ಹಾಕಿ ತೋರಿಸಿದ್ದೀಯ. ನಿಮ್ಮಮ್ಮ ಫೋನಿನಲ್ಲಿ, "ಅಕ್ಕಾ, ನಿನ್ನ ಕಸುಬಿನ ಹತ್ತಿರಕ್ಕೇ ಬಂದಿದ್ದಾನೆ, ನಾಲ್ಕು ಮಾತು ಹೇಳು" ಅಂದಳು. ಪಾಲಿಮರ್ ವಿದ್ಯೆ ನನ್ನದಲ್ಲ, ಅದಕ್ಕೆ ನಿನ್ನ ಗೈಡ್ ಇದ್ದಾರೆ. ಸುಟ್ಟಗಾಯದ ವಾರ್ಡಿನಲ್ಲಿ ಪಟ್ಟಿ ಕಟ್ಟಿಸಿ, ಬಿಚ್ಚಿಸಿ ಕೂದಲು ಹಣ್ಣಾದವಳು ನಾನು. ಆ ಕಡೆಯಿಂದ ಕಂಡದ್ದನ್ನಷ್ಟೇ ಹೇಳುತ್ತೇನೆ. ಹಿಡಿಸದಿದ್ದರೆ ದೊಡ್ಡಮ್ಮನಿಗೆ ವಯಸ್ಸಾಯಿತು ಅಂದುಕೊಂಡು ಬಿಡು.

ಮೊದಲು ಒಂದು ಸಣ್ಣ ವಿಷಯ. ಸುಶ್ರುತ ವ್ರಣಕ್ಕೆ ಅರವತ್ತು ಉಪಕ್ರಮ ಹೇಳಿದ್ದಾನೆ ಎಂಬುದನ್ನು ಮೊದಲ ಪುಟದಲ್ಲಿ ಅಲಂಕಾರಕ್ಕೆ ಸೇರಿಸಿದ್ದೀಯ. ಮಾತು ನಿಜ. ಆದರೆ ಮುಂದೆ ಎಲ್ಲೂ ಅದು ಉಪಯೋಗಕ್ಕೆ ಬಂದಿಲ್ಲ, ತೆಗೆದುಹಾಕು.

ಇನ್ನು ದೊಡ್ಡ ವಿಷಯ. ಪಟ್ಟಿಯನ್ನು ಗಾಯದ ಮೇಲೆ ಇಟ್ಟಾಗ ಏನಾಗುತ್ತದೆ ಎಂಬುದಕ್ಕೆ ನಿನ್ನಲ್ಲಿ ಪುಟಗಟ್ಟಲೆ ವಿವರಣೆ ಇದೆ. ತೆಗೆಯುವಾಗ ಏನಾಗುತ್ತದೆ ಎಂಬುದಕ್ಕೆ ಒಂದು ಸಾಲೂ ಇಲ್ಲ. ನನ್ನನ್ನು ಕೇಳಿದರೆ ಅಲ್ಲಿಂದಲೇ ಶುರುಮಾಡಬೇಕು.

ಯಾವುದಾದರೂ ಸರ್ಕಾರಿ ಆಸ್ಪತ್ರೆಯ ಡ್ರೆಸ್ಸಿಂಗ್ ರೂಮಿಗೆ ಬೆಳಿಗ್ಗೆ ಹೋಗಿ ನಿಂತು ನೋಡು. ಸಾಂಬಾರಿನ ಪಾತ್ರೆಯೋ ಬಚ್ಚಲಿನ ಬಿಸಿನೀರೋ ಮೈಮೇಲೆ ಬಿದ್ದ ಮಗುವನ್ನು ಮೇಜಿನ ಮೇಲೆ ಮಲಗಿಸಿರುತ್ತಾರೆ. ಹಿಂದಿನ ದಿನ ಹಾಕಿದ ಗಾಜ್ ಬಟ್ಟೆ ಗಾಯದ ರಸ ಕುಡಿದು, ಒಣಗಿ, ಗಟ್ಟಿಯಾಗಿ ಕೂತಿರುತ್ತದೆ. ಸಿಸ್ಟರ್ ಸಲೈನ್ ಸುರಿದು ನೆನೆಯಲು ಬಿಡುತ್ತಾರೆ. ಬಾಗಿಲ ಹೊರಗೆ ಸಾಲು ನಿಂತಿರುವಾಗ ಎಷ್ಟು ಹೊತ್ತು ಬಿಡಲಾದೀತು? ಫೋರ್ಸೆಪ್ಸ್‌ನಲ್ಲಿ ಒಂದು ಮೂಲೆ ಹಿಡಿದು ಎತ್ತುತ್ತಾರೆ. ಬಟ್ಟೆಯ ಕಣ್ಣುಗಳೊಳಗೆ ಹೊಸ ಮಾಂಸ ನುಗ್ಗಿ ಬೆಳೆದಿರುತ್ತದೆ. ಗಾಯದ ಅಂಚಿನಿಂದ ಒಳಕ್ಕೆ ಹಬ್ಬುತ್ತಿದ್ದ, ಕೂದಲ ಬುಡದ ಸುತ್ತ ಚುಕ್ಕೆ ಚುಕ್ಕೆಯಾಗಿ ಹುಟ್ಟಿದ್ದ ತೆಳು ಚರ್ಮ ಬಟ್ಟೆಯ ಜೊತೆಗೇ ಎದ್ದು ಬರುತ್ತದೆ. ಅದರ ಜಾಗದಲ್ಲಿ ರಕ್ತ ಜಿನುಗುತ್ತದೆ. ಮಗುವಿನ ಕೈ ಹಿಡಿದ ತಾಯಿ ಮುಖ ಗೋಡೆಯ ಕಡೆ ತಿರುಗಿಸಿಕೊಂಡಿರುತ್ತಾಳೆ. ರಾತ್ರಿಯೆಲ್ಲ ದೇಹ ಕಟ್ಟಿದ್ದನ್ನು ಬೆಳಿಗ್ಗೆ ನಾವೇ ಕಿತ್ತಂತಾಯಿತು. ಅಡಿಗೆ ಪ್ಯಾರಾಫಿನ್ ಗಾಜ್ ಹಾಕಿದರೆ ಈ ಕಾಟ ಕಮ್ಮಿಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಒಣಗಿದರೆ ಅದೂ ಅಂಟುತ್ತದೆ.

ಈಗ ನಿನ್ನ ಜೆಲಟಿನ್ ಎಳೆಗಳನ್ನು ನೋಡು. ಗಾಜ್‌ಗಿಂತ ಎಷ್ಟೋ ಪಾಲು ಸಣ್ಣ ಎಳೆ, ಸಣ್ಣ ರಂಧ್ರ. ಜೀವಕೋಶಗಳು ಹಿಡಿದುಕೊಂಡು ಬೆಳೆಯಲಿ ಎಂದೇ ಅದನ್ನು ಹಾಗೆ ನೇಯುತ್ತೀಯ. ಹಿಡಿದುಕೊಂಡ ಮೇಲೆ ಅದನ್ನು ಎಳೆದು ತೆಗೆಯುವವರು ಯಾರು? ಅಡಿಯ ಪದರ ಗಾಯದಲ್ಲೇ ಉಳಿದು ಕರಗಿಹೋಗುತ್ತದೋ, ಅಥವಾ ನೋವಿಲ್ಲದೆ ಪೂರ್ತಿಯಾಗಿ ಎದ್ದು ಬರುತ್ತದೋ, ಇದನ್ನು ಮೊದಲ ದಿನವೇ ತೀರ್ಮಾನ ಮಾಡು. ಅರ್ಧ ಕರಗಿ ಅರ್ಧ ಅಂಟಿಕೊಂಡ ಪದರದಷ್ಟು ತಲೆನೋವು ಬೇರೆ ಇಲ್ಲ. ಸಿಸ್ಟರ್‌ಗೆ ಅದು ನಿನ್ನ ಪದರವೋ ಕೊಳೆತ ಮಾಂಸವೋ ಗೊತ್ತಾಗುವುದಿಲ್ಲ. ಗೊತ್ತಾಗದಿದ್ದರೆ ಉಜ್ಜಿ ತೆಗೆದುಬಿಡುತ್ತಾರೆ, ಅದು ಅವರ ತಪ್ಪಲ್ಲ.

ಇದನ್ನು ಸರಿಯಾಗಿ ಯೋಚಿಸಿದವರು ಇದ್ದಾರೆ. ಎಂಐಟಿಯ ಅಯೋನಿಸ್ ಯಾನಸ್ ಮತ್ತು ಬಾಸ್ಟನ್ನಿನ ಸರ್ಜನ್ ಜಾನ್ ಬರ್ಕ್ ಸೇರಿ ಮಾಡಿದ ಎರಡು ಪದರದ ಕೃತಕ ಚರ್ಮವನ್ನು ಚೆನ್ನಾಗಿ ಓದಿಕೋ. ಇಂಟೆಗ್ರಾ ಎಂಬ ಹೆಸರಲ್ಲಿ ಮಾರುಕಟ್ಟೆಗೆ ಬಂತು, 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅಡಿಯಲ್ಲಿ ಕೊಲ್ಯಾಜೆನ್ ಮತ್ತು ಕಾಂಡ್ರಾಯ್ಟಿನ್ ಸಲ್ಫೇಟ್ ಸೇರಿದ ರಂಧ್ರಮಯ ಹಾಸು, ಮೇಲೆ ತೆಳುವಾದ ಸಿಲಿಕೋನ್ ಹಾಳೆ. ಹಾಸಿನೊಳಗೆ ರೋಗಿಯ ಜೀವಕೋಶಗಳೂ ರಕ್ತನಾಳಗಳೂ ನುಗ್ಗಿ ಬೆಳೆಯುತ್ತವೆ, ಹಾಸು ನಿಧಾನವಾಗಿ ಕರಗುತ್ತದೆ. ಎರಡು ಮೂರು ವಾರ ಕಳೆದ ಮೇಲೆ ಸಿಲಿಕೋನನ್ನು ಮಾತ್ರ ಸುಲಿದು ತೆಗೆದು ತೆಳು ಚರ್ಮದ ಕಸಿ ಮಾಡುತ್ತಾರೆ. ಯಾವ ಪದರ ಉಳಿಯಬೇಕು, ಯಾವುದು ಏಳಬೇಕು ಎಂಬುದು ಅಲ್ಲಿ ಕೊನೆಗೆ ಹೊಳೆದ ವಿಷಯವಲ್ಲ, ಬುನಾದಿಯೇ ಅದು. ಅದಕ್ಕೂ ಒಂದು ದೌರ್ಬಲ್ಯ ಇತ್ತು: ಅಡಿಯಲ್ಲಿ ಸೋಂಕು ಹತ್ತಿದರೆ ಹಾಸು ಹಾಳು, ಖರ್ಚು ಮಣ್ಣುಪಾಲು. ಆದ್ದರಿಂದ ಬ್ಯಾಕ್ಟೀರಿಯಾ ತಡೆಯುವ ಗುಣ ಬೇಕು ಅನ್ನುವ ನಿನ್ನ ಆಸೆ ಸುಮ್ಮನೆ ಹುಟ್ಟಿದ್ದಲ್ಲ, ಒಪ್ಪುತ್ತೇನೆ. ಕೊಲ್ಯಾಜೆನ್ ಬಗ್ಗೆ ಕಲಿಯಬೇಕೆಂದಿದ್ದರೆ ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಗೆ ಹೋಗಿ ಬಾ. ತೊಗಲು ಹದಮಾಡುವ ವಿದ್ಯೆಯ ಬೆನ್ನು ಹತ್ತಿ ಗಾಯದ ಪಟ್ಟಿಯವರೆಗೆ ಬಂದವರು ಅವರು.

ಗಾಯ ಒಣಗಬೇಕು, ಗಾಳಿಯಾಡಬೇಕು, ಮೇಲೆ ಹಕ್ಕಳೆ ಕಟ್ಟಬೇಕು ಅನ್ನುವುದು ನಮ್ಮಜ್ಜಿಯೊಬ್ಬಳ ನಂಬಿಕೆ ಆಗಿರಲಿಲ್ಲ, ನಮಗೆ ಪಾಠ ಹೇಳಿದ ಡಾಕ್ಟರುಗಳೂ ಹಾಗೇ ಕಲಿತು ಬಂದಿದ್ದರು. 1962ರಲ್ಲಿ ಜಾರ್ಜ್ ವಿಂಟರ್ ಎಂಬ ಇಂಗ್ಲೆಂಡಿನ ವಿಜ್ಞಾನಿ ಹಂದಿಗಳ ಮೈಮೇಲೆ ತೆಳುವಾದ ಗಾಯಗಳನ್ನು ಮಾಡಿ, ಕೆಲವನ್ನು ಗಾಳಿಗೆ ಬಿಟ್ಟು, ಕೆಲವಕ್ಕೆ ಪಾಲಿಥೀನ್ ಹಾಳೆ ಮುಚ್ಚಿ ನೋಡಿದರು. ಹಾಳೆ ಮುಚ್ಚಿದ ಕಡೆ ಹೊಸ ಮೇಲ್ಚರ್ಮ ಹೆಚ್ಚುಕಡಿಮೆ ಎರಡು ಪಟ್ಟು ಬೇಗ ಹಬ್ಬಿತ್ತು. ಗಾಳಿಗೆ ಬಿಟ್ಟ ಗಾಯದ ಮೇಲ್ಭಾಗ ಒಣಗಿ ಸಾಯುತ್ತದೆ. ಅಂಚಿನಿಂದ ಹೊರಟ ಜೀವಕೋಶ ಆ ಒಣಭಾಗದ ಅಡಿಗೆ ಇಳಿದು, ತೇವ ಇರುವ ಕಡೆ ದಾರಿ ಕೊರೆದುಕೊಂಡು ಹೋಗಬೇಕು. ತೇವ ಇದ್ದರೆ ಮೇಲೇ ಜಾರಿಕೊಂಡು ಹೋಗುತ್ತದೆ. ಇಂದಿನ ಎಲ್ಲ ಆಧುನಿಕ ಪಟ್ಟಿಗಳಿಗೂ ಮೂಲ ಆ ಪ್ರಯೋಗ. ಅದರಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಪದಾರ್ಥ ಒಂದೂ ಇರಲಿಲ್ಲ ಎಂಬುದನ್ನು ಗಮನಿಸು.

ನಮ್ಮ ದೇಶದ್ದೇ ಉದಾಹರಣೆ ಬೇಕೆ? ಮುಂಬಯಿಯ ಮಕ್ಕಳ ಆಸ್ಪತ್ರೆಯಲ್ಲಿ ಕೇಸ್ವಾನಿ ಅವರ ತಂಡ ಬೇಯಿಸಿದ ಆಲೂಗಡ್ಡೆ ಸಿಪ್ಪೆಗಳನ್ನು ಗಾಜ್ ಬಟ್ಟೆಯ ಮೇಲೆ ಸಾಲಾಗಿ ಅಂಟಿಸಿ, ಸ್ಟೆರಿಲೈಸ್ ಮಾಡಿ ಸುಟ್ಟಗಾಯಕ್ಕೆ ಕಟ್ಟಿತು. 1985ರಲ್ಲಿ ಅದರ ಮೊದಲ ವರದಿ ಬಂತು. ಸಿಪ್ಪೆ ಗಾಯವನ್ನು ತೇವವಾಗಿ ಇಡುತ್ತಿತ್ತು, ತೆಗೆಯುವಾಗ ಸುಲಭವಾಗಿ ಬಿಟ್ಟುಕೊಳ್ಳುತ್ತಿತ್ತು. ಆಮೇಲೆ ಮುಂಬಯಿಯಲ್ಲೇ ಇನ್ನಿಬ್ಬರು ಡಾಕ್ಟರುಗಳು, ಗೋರೆ ಮತ್ತು ಅಕೋಲೇಕರ್, ಬಾಳೆಲೆಯನ್ನು ಹಾಗೇ ಪಟ್ಟಿ ಮಾಡಿ ಆಲೂಗಡ್ಡೆ ಸಿಪ್ಪೆಯ ಜೊತೆ ಹೋಲಿಸಿ ನೋಡಿದರು. 2003ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಗಾಯ ಮಾಯುವುದರಲ್ಲಿ ಎರಡೂ ಸಮ ನಿಂತವು, ಬಾಳೆಲೆಯ ಖರ್ಚು ಮಾತ್ರ ಸಿಪ್ಪೆಯ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ. ಬಿಸಿ ಅನ್ನ ಹಾಕಿದರೂ ಅಂಟದ ಎಲೆಯ ಮೇಣದ ಮೈ, ಹಸಿ ಗಾಯಕ್ಕೂ ಅಂಟಲಿಲ್ಲ. ನಗಬೇಡ. ನಿನ್ನ ಮೂರು ಪದರದ ಪಟ್ಟಿ ಒಂದು ದಿನ ಈ ಎಲೆಯ ಎದುರು ಪರೀಕ್ಷೆಗೆ ನಿಲ್ಲಬೇಕಾದೀತು. ಗೆಲ್ಲಬೇಕಾದರೆ ಎಲ್ಲಿ ಗೆಲ್ಲುತ್ತದೆ ಎಂಬುದನ್ನು ಈಗಲೇ ಬರೆದಿಟ್ಟುಕೋ.

ಪದರ ಹಾಕುವ ಯೋಚನೆಯೂ ಹೊಸದೇನಲ್ಲ. ಜೋಸೆಫ್ ಲಿಸ್ಟರ್ 1867ರಲ್ಲಿ ಕಾರ್ಬಾಲಿಕ್ ಆಮ್ಲದ ವಿಷಯ ಪ್ರಕಟಿಸಿದ ಮೇಲೆ ಎಂಟು ಪದರದ ಗಾಜ್ ಪಟ್ಟಿಗೆ ಬಂದ. ಕೊನೆಯ ಎರಡು ಪದರಗಳ ನಡುವೆ ನೀರು ಬಿಡದ ಮ್ಯಾಕಿಂಟಾಷ್ ಬಟ್ಟೆ ಸೇರಿಸಿದ್ದ. ಯಾಕೆ ಗೊತ್ತೆ? ಗಾಯದ ರಸ ನೆಟ್ಟಗೆ ಮೇಲಕ್ಕೆ ಬಂದು ಹೊರಗಿನ ಗಾಳಿ ಮುಟ್ಟಬಾರದು, ಅಡ್ಡಕ್ಕೆ ಹರಿದು ಔಷಧ ತುಂಬಿದ ಗಾಜ್ ಉದ್ದಕ್ಕೂ ಹಾದು ಅಂಚಿಗೆ ಬರಬೇಕು ಅಂತ. ಪ್ರತಿ ಪದರಕ್ಕೂ ಒಂದು ಕೆಲಸ ಇತ್ತು. 1880ರಲ್ಲಿ ಬರ್ಮಿಂಗ್‌ಹ್ಯಾಮಿನ ಗ್ಯಾಮ್ಜಿ ಎರಡು ಗಾಜ್ ನಡುವೆ ಹತ್ತಿ ಇಟ್ಟ ಪ್ಯಾಡ್ ಮಾಡಿದ. ಅದನ್ನು ಇವತ್ತಿಗೂ ನಮ್ಮ ವಾರ್ಡುಗಳಲ್ಲಿ "ಗ್ಯಾಮ್ಜಿ ತಗೊಂಡು ಬಾ" ಎಂದೇ ಕೇಳುತ್ತಾರೆ. ಅದು ಮನುಷ್ಯನ ಹೆಸರು ಎಂದು ಕೇಳುವವರಿಗೂ ಗೊತ್ತಿರುವುದಿಲ್ಲ, ತರುವವರಿಗೂ ಗೊತ್ತಿರುವುದಿಲ್ಲ.

ನಿನ್ನ ಮೂರು ಪದರಗಳಿಗೂ ಅದೇ ಪ್ರಶ್ನೆ ಹಾಕು. ಮೇಲಿನದು ಹೊರಗಿನ ನೀರು ತಡೆಯಲಿ, ಆದರೆ ಒಳಗಿನ ಆವಿಯನ್ನು ಎಷ್ಟು ಬಿಡಬೇಕು? ಒಳ್ಳೆಯ ಚರ್ಮದಿಂದ ದಿನಕ್ಕೆ ಚದರ ಮೀಟರಿಗೆ ಸುಮಾರು 200 ಗ್ರಾಂ ನೀರು ಆವಿಯಾಗುತ್ತದೆ, ಹಸಿ ಗಾಯದಿಂದ ಸುಮಾರು 5,000 ಗ್ರಾಂ. ಪಟ್ಟಿ ಇವೆರಡರ ನಡುವೆ, 2,000ದಿಂದ 2,500 ಗ್ರಾಂ ಸುಮಾರಿಗೆ ಬಿಟ್ಟರೆ ಒಳ್ಳೆಯದು ಎಂದು ಈ ಕೆಲಸದವರು ಲೆಕ್ಕ ಹಾಕುತ್ತಾರೆ. ಭತ್ತದ ಸಸಿಮಡಿಯಲ್ಲಿ ತೇವ ಇರಬೇಕು, ನೀರು ನಿಲ್ಲಬಾರದು, ಹಾಗೆ. ರಸ ನಿಂತರೆ ಗಾಯದ ಸುತ್ತಲಿನ ಒಳ್ಳೆಯ ಚರ್ಮವೂ ಬೆಳ್ಳಗೆ ನೆನೆದು ಕಿತ್ತುಬರುತ್ತದೆ. ಇನ್ನೊಂದು ಸಂಗತಿ, ಲ್ಯಾಬಿನಲ್ಲಿ ಈ ಅಳತೆಯನ್ನು ಒಂದೇ ಉಷ್ಣತೆ, ಒಂದೇ ತೇವಾಂಶದಲ್ಲಿ ಮಾಡುತ್ತೀರಿ. ಮೇ ತಿಂಗಳ ಕಲಬುರಗಿ ಬೇರೆ, ಜುಲೈ ತಿಂಗಳ ಮಂಗಳೂರು ಬೇರೆ. ಎರಡೂ ಹವೆಯಲ್ಲಿ ಅಳೆದು ನೋಡು. ಒಂದು ಕಡೆ ಒಣಗಿ ಅಂಟುವ ಪಟ್ಟಿ ಇನ್ನೊಂದು ಕಡೆ ತೇಲಾಡಬಹುದು.

ಪದರಗಳು ಒಂದಕ್ಕೊಂದು ಹಿಡಿದುಕೊಂಡಿರುತ್ತವೆಯೇ ಅನ್ನುವುದನ್ನೂ ಒದ್ದೆಯಲ್ಲೇ ಪರೀಕ್ಷಿಸು. ಕೈಟೋಸಾನ್ ಸ್ಪಂಜು ರಸ ಕುಡಿದು ಉಬ್ಬುತ್ತದೆ, ಮೇಲಿನ ಹಾಳೆ ಉಬ್ಬುವುದಿಲ್ಲ. ಒಂದು ಹಿಗ್ಗಿ ಇನ್ನೊಂದು ಹಿಗ್ಗದಿದ್ದರೆ ಪಟ್ಟಿ ಸುರುಳಿ ಸುತ್ತಿಕೊಳ್ಳುತ್ತದೆ, ಇಲ್ಲವೇ ಪದರ ಬಿಟ್ಟುಕೊಳ್ಳುತ್ತದೆ. ಮೊಣಕೈ, ಮೊಣಕಾಲು, ಕಂಕುಳು ಇಂಥ ಕಡೆ ಅಂತೂ ಖಂಡಿತ. ಒಣ ಪಟ್ಟಿಯ ಫೋಟೊ ಎಷ್ಟು ಚೆಂದ ಬಂದರೂ ನನಗೆ ಬೇಡ. 37 ಡಿಗ್ರಿಯಲ್ಲಿ ಎರಡು ದಿನ ನೆನೆಸಿ, ಮಡಚಿ, ಬಿಡಿಸಿ ತೆಗೆದ ಫೋಟೊ ಕಳಿಸು.

ಈಗ ಬೆಳ್ಳಿಯ ವಿಷಯಕ್ಕೆ ಬರುತ್ತೇನೆ. ನಿನಗೆ ಬೇಸರವಾಗಬಹುದು.

ಬ್ಯಾಕ್ಟೀರಿಯಾ ಕೊಲ್ಲುವುದು ಈ ಇಡೀ ಕೆಲಸದಲ್ಲಿ ಅತಿ ಸುಲಭದ ಭಾಗ ಕಣೋ. ಫಿನಾಯಿಲ್ ಕೂಡ ಕೊಲ್ಲುತ್ತದೆ. ಪಕ್ಕದಲ್ಲೇ ಇರುವ ಚರ್ಮದ ಜೀವಕೋಶವನ್ನು, ಬಿಳಿ ರಕ್ತಕಣವನ್ನು ಬಿಟ್ಟು ಬ್ಯಾಕ್ಟೀರಿಯಾವನ್ನು ಮಾತ್ರ ಕೊಲ್ಲುವುದು ಕಷ್ಟ. ಅಲೆಕ್ಸಾಂಡರ್ ಫ್ಲೆಮಿಂಗ್ ಅಂದರೆ ಎಲ್ಲರಿಗೂ ಪೆನಿಸಿಲಿನ್ ನೆನಪಾಗುತ್ತದೆ. ಅದಕ್ಕೂ ಮುಂಚೆ, ಮೊದಲನೇ ಮಹಾಯುದ್ಧದಲ್ಲಿ ಅವರು ಫ್ರಾನ್ಸಿನ ಬೂಲೋನ್‌ನಲ್ಲಿ ಆಲ್ಮ್ರಾತ್ ರೈಟ್ ಅವರ ಲ್ಯಾಬಿನಲ್ಲಿದ್ದರು. ಗುಂಡು, ಚೂರು ಹೊಕ್ಕ ಗಾಯಗಳಿಗೆ ಎಲ್ಲರೂ ತೀಕ್ಷ್ಣವಾದ ಆಂಟಿಸೆಪ್ಟಿಕ್ ಸುರಿಯುತ್ತಿದ್ದರು, ಸೈನಿಕರು ಸಾಯುತ್ತಲೇ ಇದ್ದರು. ಫ್ಲೆಮಿಂಗ್ ಗಾಜಿನ ಕೊಳವೆಯೊಂದನ್ನು ಕಾಯಿಸಿ, ಅಲ್ಲಲ್ಲಿ ಟೊಳ್ಳು ಮುಳ್ಳುಗಳಾಗಿ ಎಳೆದು, ಛಿದ್ರವಾದ ಗಾಯದ ಮಾದರಿ ಮಾಡಿದರು. ಸೋಂಕಿನ ದ್ರವ ತುಂಬಿ, ಆಂಟಿಸೆಪ್ಟಿಕ್ ಹಾಕಿ, ಚೆಲ್ಲಿ, ಮತ್ತೆ ಶುದ್ಧ ದ್ರವ ತುಂಬಿದರೆ ಮುಳ್ಳುಗಳ ತುದಿಯಲ್ಲಿ ಅಡಗಿದ್ದ ಬ್ಯಾಕ್ಟೀರಿಯಾ ಮತ್ತೆ ಎದ್ದವು. ಔಷಧ ಅಲ್ಲಿಯವರೆಗೆ ಹೋಗಿಯೇ ಇರಲಿಲ್ಲ. ನಿಜವಾದ ಗಾಯದಲ್ಲಿ ಹೋದ ಕಡೆ ಬಿಳಿ ರಕ್ತಕಣಗಳನ್ನು ಮೊದಲು ಕೊಲ್ಲುತ್ತಿತ್ತು. ಅವರು ಮಾಡಿದ ಕೆಲಸದಲ್ಲಿ ಇದು ನನಗೆ ಪೆನಿಸಿಲಿನ್‌ಗಿಂತ ಹೆಚ್ಚು ಪ್ರಿಯ.

ಬೆಳ್ಳಿಯೂ ಇದೇ ಸಾಲಿನದು. 1965ರಲ್ಲಿ ಮೋಯರ್ ಎಂಬ ಡಾಕ್ಟರು ಸುಟ್ಟಗಾಯಕ್ಕೆ ಶೇಕಡ 0.5ರ ಸಿಲ್ವರ್ ನೈಟ್ರೇಟ್ ದ್ರಾವಣ ತಂದರು, 1968ರಲ್ಲಿ ಫಾಕ್ಸ್ ಎಂಬವರು ಸಿಲ್ವರ್ ಸಲ್ಫಾಡಯಜಿನ್ ತಂದರು. ನಾವು ವರ್ಷಗಟ್ಟಲೆ ಬಳಿದ ಬಿಳಿ ಕ್ರೀಂ ಅದೇ. ಅದು ಎಷ್ಟೋ ಜೀವ ಉಳಿಸಿದೆ, ಆ ಋಣ ಮರೆಯುವ ಹಾಗಿಲ್ಲ. ಆದರೆ ಗಾಯದ ಮೇಲೆ ಹಳದಿ ಬೂದು ಬಣ್ಣದ ಪೊರೆ ಕಟ್ಟಿಸಿ, ಒಳಗೆ ಏನು ನಡೆಯುತ್ತಿದೆ ಎಂದು ಕಾಣದ ಹಾಗೆ ಮಾಡುತ್ತದೆ. ಬೇರೆ ಪಟ್ಟಿಗಳ ಜೊತೆ ಹೋಲಿಸಿದ ಅಧ್ಯಯನಗಳಲ್ಲಿ ಅದನ್ನು ಹಚ್ಚಿದ ಗಾಯಗಳು ನಿಧಾನವಾಗಿ ಮಾಯುತ್ತವೆ ಎಂದೇ ಮತ್ತೆ ಮತ್ತೆ ಕಂಡಿದೆ. ಕಾಲಿನ ಅಭಿಧಮನಿ ಹುಣ್ಣುಗಳಿಗೆ ಬೆಳ್ಳಿಯ ಪಟ್ಟಿ ಹಾಕಿ, ಬೆಳ್ಳಿ ಇಲ್ಲದ ಪಟ್ಟಿಯ ಜೊತೆ 213 ರೋಗಿಗಳಲ್ಲಿ ಹೋಲಿಸಿದ ಬ್ರಿಟನ್ನಿನ ಅಧ್ಯಯನ 2009ರಲ್ಲಿ ಬಂತು. 12 ವಾರಕ್ಕೆ ಮಾಯುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ, ಖರ್ಚು ಮಾತ್ರ ಜಾಸ್ತಿ. ಬೆಳ್ಳಿಗೂ ಬಗ್ಗದ ಸಾಲ್ಮೊನೆಲ್ಲಾ ಬಾಸ್ಟನ್ನಿನ ಸುಟ್ಟಗಾಯದ ವಾರ್ಡೊಂದರಲ್ಲಿ 1975ರಷ್ಟು ಹಿಂದೆಯೇ ಸಿಕ್ಕಿದೆ.

ನಿನ್ನ ರಸಾಯನಶಾಸ್ತ್ರಕ್ಕೂ ಒಂದು ಪ್ರಶ್ನೆ. ಬೆಳ್ಳಿ ಎಷ್ಟು ಬಿಡುಗಡೆಯಾಗುತ್ತದೆ ಎಂದು ಶುದ್ಧ ನೀರಿನಲ್ಲಿ ಅಳೆದಿದ್ದೀಯ. ಗಾಯದ ರಸದಲ್ಲಿ ಉಪ್ಪಿದೆ, ಪ್ರೋಟೀನ್ ಇದೆ. ಬೆಳ್ಳಿಯ ಅಯಾನು ಕ್ಲೋರೈಡಿನ ಜೊತೆ ಸೇರಿ ತಳ ಸೇರುತ್ತದೆ, ಉಳಿದದ್ದನ್ನು ಪ್ರೋಟೀನ್ ಕಟ್ಟಿಹಾಕುತ್ತದೆ. ನೀರಿನಲ್ಲಿ ಬಂದ ಅಂಕಿ ಅಲ್ಲಿ ಬರುವುದಿಲ್ಲ. ಪಟ್ಟಿಗಳ ಪರೀಕ್ಷೆಗೆ ಬಳಸುವ ಕೃತಕ ಗಾಯದ ರಸದಲ್ಲಿ ಲೀಟರಿಗೆ 142 ಮಿಲಿಮೋಲ್ ಸೋಡಿಯಂ, 2.5 ಮಿಲಿಮೋಲ್ ಕ್ಯಾಲ್ಸಿಯಂ ಇರುತ್ತದೆ. ಕನಿಷ್ಠ ಅದನ್ನು ಬಳಸು, ಅದಕ್ಕೆ ಸೀರಂ ಸೇರಿಸಿದರೆ ಇನ್ನೂ ಒಳ್ಳೆಯದು. ಕೈಟೋಸಾನಿಗೂ ಇದೇ ಮಾತು. ಅದು ಬ್ಯಾಕ್ಟೀರಿಯಾಗಳ ಋಣ ವಿದ್ಯುದಂಶದ ಮೈಗೆ ಅಂಟಿ ಕೊಲ್ಲುವುದು ತನ್ನ ಮೇಲೆ ಧನ ವಿದ್ಯುದಂಶ ಇದ್ದಾಗ, ಅಂದರೆ ಪಿಎಚ್ ಸುಮಾರು 6.5ಕ್ಕಿಂತ ಕೆಳಗಿದ್ದಾಗ. ವರ್ಷಗಟ್ಟಲೆ ಮಾಯದ ಹುಣ್ಣಿನ ಪಿಎಚ್ 7ರಿಂದ 9ರವರೆಗೆ ಇರುತ್ತದೆ. ಯಾವ ಗಾಯಕ್ಕೆ ನಿನ್ನ ಪಟ್ಟಿ ಅತಿ ಅಗತ್ಯ ಎಂದು ಬರೆದಿದ್ದೀಯೋ ಅದೇ ಗಾಯದಲ್ಲಿ ಅದರ ಕೈ ಕಟ್ಟಿರುತ್ತದೆ. ಈ ಗಂಟು ಬಿಡಿಸಿದರೆ ಅದೊಂದೇ ನಿನ್ನ ಪಿಎಚ್‌ಡಿಗೆ ಸಾಕು. ಇನ್ನೊಂದು ಮಾತು: ಕೈಟೋಸಾನಿನಂತೆ ಸಿಗಡಿ ಚಿಪ್ಪಿನಿಂದ ಬರುವ ಪದಾರ್ಥ ಒಂದು ಮೂಟೆಯಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಎಲ್ಲ ಪ್ರಯೋಗಕ್ಕೂ ಆಗುವಷ್ಟನ್ನು ಒಂದೇ ಬ್ಯಾಚಿನಲ್ಲಿ ತರಿಸಿಟ್ಟುಕೋ.

ಅಗರ್ ತಟ್ಟೆಯಲ್ಲಿ ಪಟ್ಟಿಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವೃತ್ತದ ಫೋಟೊ ಹಾಕಿ ಖುಷಿಪಟ್ಟಿದ್ದೀಯ. ಆ ವೃತ್ತ ಹೇಳುವುದು ಔಷಧ ಎಷ್ಟು ದೂರ ಹರಡಿತು ಎಂಬುದನ್ನು. ಎಲ್ಲವೂ ಮೊದಲ ದಿನವೇ ಸುರಿದುಹೋದರೆ ವೃತ್ತ ದೊಡ್ಡದಾಗಿ ಬರುತ್ತದೆ, ಮೂರನೇ ದಿನ ಪಟ್ಟಿಯಲ್ಲಿ ಏನೂ ಉಳಿದಿರುವುದಿಲ್ಲ. ಅಲ್ಪಸ್ವಲ್ಪ ಉಳಿದು ಸೋರುತ್ತಿದ್ದರೆ ಇನ್ನೂ ಕೆಟ್ಟದ್ದು, ಸಾಯಿಸದೆ ಪಳಗಿಸುತ್ತದೆ. ಹಳೆಯ ಹುಣ್ಣುಗಳಲ್ಲಿ ಬ್ಯಾಕ್ಟೀರಿಯಾ ತಟ್ಟೆಯಲ್ಲಿ ಇದ್ದ ಹಾಗೆ ಬಿಡಿಬಿಡಿಯಾಗಿಯೂ ಇರುವುದಿಲ್ಲ, ಲೋಳೆ ಪೊರೆಯೊಳಗೆ ಗುಂಪಾಗಿರುತ್ತವೆ. 2008ರ ಒಂದು ಅಧ್ಯಯನ ಅಂಥ ಬಯೋಫಿಲ್ಮನ್ನು ಹಳೆಯ ಹುಣ್ಣುಗಳ ಶೇಕಡ 60ರಲ್ಲಿ, ಹೊಸ ಗಾಯಗಳ ಶೇಕಡ 6ರಲ್ಲಿ ಕಂಡಿತು. ಬೇಕಾದರೆ ಪರೀಕ್ಷೆಯನ್ನು ಬೆಳೆದು ನಿಂತ ಪೊರೆಯ ಮೇಲೆ ಮಾಡು. ಹಸಿರು ಕೀವು, ಸಿಹಿಸಿಹಿ ವಾಸನೆ ಬಂದರೆ ಸ್ಯೂಡೊಮೊನಾಸ್ ಬಂತು ಎಂದು ವಾರ್ಡಿನಲ್ಲಿ ಕಲ್ಚರ್ ರಿಪೋರ್ಟಿಗೆ ಮುಂಚೆಯೇ ಗೊತ್ತಾಗುತ್ತದೆ. ಅದನ್ನೂ ಸೇರಿಸು, ಬರೀ ಲ್ಯಾಬಿನ ಸಾಧು ಇ. ಕೋಲಿ ಸಾಲದು.

ಕೊಲ್ಲದೆಯೂ ಕೆಲಸ ಸಾಗುತ್ತದೆ ಎಂಬುದಕ್ಕೆ ಸ್ವೀಡನ್ನಿನ ಸಾರ್ಬ್ಯಾಕ್ಟ್ ಪಟ್ಟಿ ನೋಡು. ನೀರೊಲ್ಲದ ಮೇಣದಂಥ ಲೇಪ ಇರುವ ಬಟ್ಟೆ, ಬ್ಯಾಕ್ಟೀರಿಯಾ ಅದಕ್ಕೆ ಅಂಟಿಕೊಳ್ಳುತ್ತವೆ, ಪಟ್ಟಿ ಬದಲಿಸಿದಾಗ ಹೊರಗೆ ಹೋಗುತ್ತವೆ. ಔಷಧ ಇಲ್ಲ, ಪಳಗುವ ಭಯ ಕಮ್ಮಿ. ಔಷಧ ಬೇಕೇಬೇಕು ಎಂದರೂ ರೋಗಿಗೆ ಇಂಜೆಕ್ಷನ್ನಾಗಿ, ಮಾತ್ರೆಯಾಗಿ ಕೊಡುವ ಆಂಟಿಬಯೋಟಿಕ್ಕನ್ನು ಪಟ್ಟಿಯಲ್ಲಿ ತುಂಬಬೇಡ. ರಕ್ತಕ್ಕೆ ನಂಜೇರಿದಾಗ ನಮಗಿರುವ ಆಯುಧ ಅದೊಂದು, ಅದನ್ನು ಮೇಲೆ ಬಳಿದು ಮೊಂಡು ಮಾಡಬಾರದು. ನನ್ನ ಅಭಿಪ್ರಾಯದಲ್ಲಿ ಔಷಧವನ್ನು ನಡುವಿನ ಪದರದಲ್ಲೇ ಕಟ್ಟಿಹಾಕು: ಸ್ಪಂಜು ರಸವನ್ನು ಮೇಲಕ್ಕೆ ಹೀರಿಕೊಂಡಾಗ ಬ್ಯಾಕ್ಟೀರಿಯಾ ಅಲ್ಲಿ ಸಾಯಲಿ, ಅಡಿಯ ಪದರ ತಾಗುವ ಹೊಸ ಚರ್ಮಕ್ಕೆ ಔಷಧ ಸೋಕುವುದು ಬೇಡ. ಪದರ ಹಾಕಿದ್ದಕ್ಕೆ ಆಗ ಅರ್ಥ ಬರುತ್ತದೆ. ಮೂರಕ್ಕೂ ಬೆಳ್ಳಿ ಬೆರೆಸಿದರೆ ಪದರ ಯಾಕೆ ಬೇಕಿತ್ತು?

ಜೆಲಟಿನ್ ಮೈ ಬಿಸಿಗೆ ಕರಗದಿರಲು ಜೆನಿಪಿನ್ ಹಾಕಿ ಕಟ್ಟುತ್ತೇನೆ ಎಂದಿದ್ದೀಯ. ಗ್ಲುಟರಾಲ್ಡಿಹೈಡ್‌ಗಿಂತ ಸೌಮ್ಯ, ಸರಿ. ಆದರೆ ಜೆನಿಪಿನ್ ಹಾಕಿದ ಜೆಲಟಿನ್ ಕಡುನೀಲಿಗೆ ತಿರುಗುತ್ತದೆ. ಗಾಯದ ಬಣ್ಣ ನೋಡಿಯೇ ನಾವು ಅರ್ಧ ರೋಗ ತಿಳಿಯುವುದು: ಕೆಂಪೋ, ಹಳದಿಯೋ, ಕಪ್ಪೋ. ಎಲ್ಲವೂ ನೀಲಿಯಾದರೆ ಬೆಳಗಿನ ರೌಂಡಿನಲ್ಲಿ ನಿಂತ ಡಾಕ್ಟರು ಏನು ನೋಡಬೇಕು?

ಸ್ಟೆರಿಲೈಸೇಷನ್ ಬಗ್ಗೆ ನೀನು ಬರೆದದ್ದು ಒಂದು ಸಾಲು. ಬಹಳ ಪ್ರಬಂಧಗಳು ಮುಗ್ಗರಿಸುವುದು ಇಲ್ಲೇ. ಆಟೋಕ್ಲೇವಿನ 121 ಡಿಗ್ರಿಗೆ ಹಾಕಿದರೆ 60 ಡಿಗ್ರಿಗೇ ಕರಗುವ ನಿನ್ನ ಮೇಲಿನ ಪದರ ಮುದ್ದೆಯಾಗುತ್ತದೆ. 25 ಕಿಲೋಗ್ರೇ ಗಾಮಾ ಕಿರಣ ಕೈಟೋಸಾನಿನ ಸರಪಳಿಗಳನ್ನು ಕತ್ತರಿಸುತ್ತದೆ. ಎಥಿಲೀನ್ ಆಕ್ಸೈಡ್ ಅನಿಲವಾದರೆ ಸ್ಪಂಜಿನೊಳಗೆ ಉಳಿದ ವಿಷ ಹೊರಹೋಗುವ ತನಕ ಗಾಳಿಗಿಟ್ಟು ಕಾಯಬೇಕು. ಯಾವುದಾದರೂ ಒಂದನ್ನು ಮೊದಲೇ ಆರಿಸಿಕೊಂಡು, ಬಲ, ಬಿಡುಗಡೆ, ಜೀವಕೋಶ, ಬ್ಯಾಕ್ಟೀರಿಯಾ ಎಲ್ಲ ಪರೀಕ್ಷೆಯನ್ನೂ ಸ್ಟೆರಿಲೈಸ್ ಆದ ಪಟ್ಟಿಯ ಮೇಲೆಯೇ ಮಾಡು. ಮಾನದಂಡದ ಪ್ರಕಾರ ಜೀವಕೋಶದ ಪರೀಕ್ಷೆಗೆ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಒಳ್ಳೆಯ ಲ್ಯಾಬ್ ಇದೆ. ಮಾರುಕಟ್ಟೆಯ ಮಾತು ಈಗಲೇ ಬೇಡ, ಆದರೆ 2017ರ ವೈದ್ಯಕೀಯ ಸಾಧನಗಳ ನಿಯಮಾವಳಿ ಒಮ್ಮೆ ಓದಿಡು. ಪಟ್ಟಿಗೆ ಔಷಧ ಸೇರಿದ ಕೂಡಲೇ ದಾರಿ ಉದ್ದವಾಗುತ್ತದೆ.

ಪ್ರಾಣಿಗಳ ವಿಷಯ. ಇಲಿಯ ಚರ್ಮ ಸಡಿಲ, ಅದರ ಗಾಯ ಬಹುಪಾಲು ಸುತ್ತಲಿನ ಚರ್ಮ ಎಳೆದುಕೊಂಡೇ ಮುಚ್ಚಿಹೋಗುತ್ತದೆ. ನಮ್ಮದು ಹಾಗಲ್ಲ, ತಳದಿಂದ ಮಾಂಸ ತುಂಬಿ ಮೇಲೆ ಚರ್ಮ ಹಬ್ಬಬೇಕು. ಗಾಯದ ಸುತ್ತ ಸಿಲಿಕೋನ್ ಉಂಗುರ ಹೊಲಿದು ಎಳೆತ ತಡೆಯುವ ಕ್ರಮ ಇದೆ, ಅದನ್ನೇ ಬಳಸು. ಹೋಲಿಕೆಗೆ ಒಣ ಗಾಜ್ ಇಟ್ಟು ಗೆದ್ದೆ ಅನ್ನಬೇಡ, ಒಣ ಗಾಜನ್ನು ಯಾರು ಬೇಕಾದರೂ ಗೆಲ್ಲುತ್ತಾರೆ. ಪ್ಯಾರಾಫಿನ್ ಗಾಜ್ ಇಡು, ಮನಸ್ಸಿದ್ದರೆ ಬಾಳೆಲೆ ಇಡು. ಆಮೇಲೆ, ಇಂಜೆಕ್ಷನ್ ಕೊಟ್ಟು ಸಕ್ಕರೆ ಏರಿಸಿದ ಇಲಿಯ ಬೆನ್ನಿನ ಹೊಸ ಗಾಯ ಒಂದನ್ನು ಮಾಯಿಸಿ, "ಮಧುಮೇಹಿಗಳ ಕಾಲಿನ ಹುಣ್ಣಿಗೆ ಪರಿಹಾರ" ಎಂದು ಶೀರ್ಷಿಕೆ ಕೊಡಬೇಡ. ಆ ಹುಣ್ಣಿನ ಕಥೆಯೇ ಬೇರೆ. ವೆಲ್ಲೂರಿನಲ್ಲಿ ಪಾಲ್ ಬ್ರಾಂಡ್ ಎಂಬ ಸರ್ಜನ್ ಕುಷ್ಠರೋಗಿಗಳ ಸ್ಪರ್ಶವಿಲ್ಲದ ಪಾದದ ಹುಣ್ಣುಗಳಿಗೆ ಪ್ಲಾಸ್ಟರ್ ಹಾಕಿ ಮಾಯಿಸಿ ತೋರಿಸಿದರು. ಔಷಧದಿಂದಲ್ಲ, ನಡೆಯುವಾಗ ಬೀಳುವ ಭಾರ ಆ ಜಾಗದಿಂದ ತಪ್ಪಿದ್ದರಿಂದ. ಅದೇ ಪ್ಲಾಸ್ಟರ್ ಆಮೇಲೆ ಅಮೆರಿಕಕ್ಕೆ ಹೋಗಿ ಮಧುಮೇಹಿಗಳ ಕಾಲಿಗೂ ಬಂತು. ಕಾಲಿಗೆ ರಕ್ತ ಹರಿಯದಿದ್ದರೆ, ಭಾರ ಇಳಿಯದಿದ್ದರೆ, ಸಕ್ಕರೆ ಹತೋಟಿಗೆ ಬಾರದಿದ್ದರೆ ನಿನ್ನ ಪಟ್ಟಿ ಚಿನ್ನದ್ದಾದರೂ ಅಷ್ಟೇ. ಅದಕ್ಕೇ ಹೇಳುತ್ತೇನೆ, ಒಂದೇ ಬಗೆಯ ಗಾಯ ಆರಿಸಿಕೋ. ಮಕ್ಕಳ ಬಿಸಿನೀರಿನ ಸುಟ್ಟಗಾಯ, ಅಥವಾ ಕಸಿಗೆ ಚರ್ಮ ತೆಗೆದ ತೊಡೆಯ ಜಾಗ. ಎರಡಕ್ಕೂ ಎಷ್ಟು ದಿನಕ್ಕೆ ಮಾಯಬೇಕು ಎಂಬ ಅಂದಾಜಿರುತ್ತದೆ, ಪಟ್ಟಿ ತೆಗೆಯುವಾಗಿನ ನೋವನ್ನು ರೋಗಿಯನ್ನೇ ಕೇಳಿ ಬರೆದುಕೊಳ್ಳಬಹುದು.

ಸದ್ಯಕ್ಕೆ ಮಾಡಬೇಕಾದ್ದು ಇಷ್ಟು. ಜೆಲಟಿನ್ ಗಟ್ಟಿಯೊಂದರ ಮೇಲೆ ರಕ್ತದ ಫೈಬ್ರಿನ್ ಹೆಪ್ಪುಗಟ್ಟಿಸಿ, ನಿನ್ನ ಪಟ್ಟಿ ಹಾಕಿ ಒಂದು ದಿನ ಬಿಟ್ಟು, ಟೆಸ್ಟಿಂಗ್ ಮಷೀನಿನಲ್ಲಿ ಎಷ್ಟು ಬಲಕ್ಕೆ ಸುಲಿದು ಬರುತ್ತದೆ ಅಳೆ. ಪ್ಯಾರಾಫಿನ್ ಗಾಜನ್ನೂ ಪಕ್ಕದಲ್ಲಿ ಅಳೆ. ಬೆಳ್ಳಿ ಸೇರಿಸುವ ಮುಂಚೆ ಈ ಅಂಕಿ ಬೇಕು ನನಗೆ. ಪ್ರಾಣಿ ಪ್ರಯೋಗದ ಅರ್ಜಿ ನೀತಿ ಸಮಿತಿಗೆ ಹೋಗುವ ಮೊದಲು ಒಂದು ಪ್ರತಿ ಕಳಿಸು, ಇಲಿಗಳ ಸಂಖ್ಯೆಗೆ ಲೆಕ್ಕ ಬರೆದಿರಲಿ.

ಡ್ರೆಸ್ಸಿಂಗ್ ರೂಮಿಗೆ ಹೋಗಲು ನಿನ್ನ ಗೈಡ್ ಕೈಲಿ ಒಂದು ಪತ್ರ ಬರೆಸಿಕೊಂಡು ಆಸ್ಪತ್ರೆಯ ಸೂಪರಿಂಟೆಂಡೆಂಟರನ್ನು ಕಾಣು. ಸೋಮವಾರ ಹೋಗು, ಅವತ್ತು ರಶ್ ಇರುತ್ತದೆ, ನಿಜವಾದ ಕೆಲಸ ಕಾಣುತ್ತದೆ. ಡಾಕ್ಟರುಗಳ ಹಿಂದೆ ಸುತ್ತಬೇಡ, ಹಿರಿಯ ಸಿಸ್ಟರ್ ಯಾರೆಂದು ಕೇಳಿ ಅವರ ಪಕ್ಕ ನಿಲ್ಲು. ಟ್ರೇ ಹಿಡಿ ಅಂದರೆ ಹಿಡಿ, ಮಾತಾಡಬೇಡ ಅಂದರೆ ಮಾತಾಡಬೇಡ. ನಿನ್ನ ಪಟ್ಟಿಯ ಒಂದು ತುಂಡು ಜೇಬಿನಲ್ಲಿರಲಿ, ಕೆಲಸ ಮುಗಿದ ಮೇಲೆ ಅವರ ಕೈಗೆ ಕೊಟ್ಟು ಗ್ಲೌಸ್ ಹಾಕಿಕೊಂಡು ಮಡಚಿ ನೋಡಿ ಎಂದು ಕೇಳು. ಬೆರಳಿಗೆ ಅಂಟುತ್ತದೋ, ಕತ್ತರಿಗೆ ಸಿಕ್ಕಿ ಎಳೆಯುತ್ತದೋ ಅವರು ತಕ್ಷಣ ಹೇಳುತ್ತಾರೆ. ಚಪ್ಪಲಿ ಬೇಡ, ಮುಚ್ಚಿದ ಶೂ ಹಾಕಿಕೋ. ಬೆಳಿಗ್ಗೆ ಏನಾದರೂ ತಿಂದು ಹೋಗು ಮಾರಾಯ, ಹೊಸಬರು ಖಾಲಿ ಹೊಟ್ಟೆಯಲ್ಲಿ ನಿಂತು ತಲೆಸುತ್ತಿ ಬೀಳುವುದುಂಟು, ಆಮೇಲೆ ಸಿಸ್ಟರ್ ರೋಗಿಯನ್ನು ಬಿಟ್ಟು ನಿನ್ನನ್ನು ನೋಡಿಕೊಳ್ಳಬೇಕಾಗುತ್ತದೆ.

ನಿನ್ನ ದೊಡ್ಡಮ್ಮ